ಉಸಿರಾಡಲು ಬಿಡದ ‘ಜುಗಾರಿ ಕ್ರಾಸ್’

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೈಯಲ್ಲಿ ಕಾದಂಬರಿ ಕಂಡರೆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಕೊಲೆ, ಕಳ್ಳಸಾಗಣೆಯ ಥ್ರಿಲ್ಲರ್ ಆದರಂತೂ ಕೇಳುವುದೇ ಬೇಡ. ಆದರೂ ಕೆಪಿಎಸ್‌ಸಿ ಪುಸ್ತಕಗಳ ನಡುವೆ ನಾನು ಎರಡು ಸಲ ಓದಿದ ಕಾದಂಬರಿ ಒಂದಿದೆ. ಅದು ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’. ಬಂದದ್ದು 1994ರಲ್ಲಿ. ನಮ್ಮಲ್ಲಿ ಬಹಳಷ್ಟು ಮಂದಿ ಆಗಿನ್ನೂ ಹುಟ್ಟಿರಲಿಲ್ಲ.

ಮಲೆನಾಡಿನ ಸುರೇಶ, ಗೌರಿ ಎಂಬ ಎಳೆಯ ದಂಪತಿ ತಾವು ಬೆಳೆದ ಏಲಕ್ಕಿ ಮಾರಲು ದೇವಪುರಕ್ಕೆ ಹೊರಡುತ್ತಾರೆ. ಹೋದ ಕೆಲಸ ಅಷ್ಟೇ. ಆದರೆ ಕಾಡುಗಳ್ಳರ, ಕಳ್ಳಸಾಗಣೆದಾರರ ಜಾಲ ಅವರನ್ನು ಸುತ್ತಿಕೊಳ್ಳುತ್ತದೆ. ಹೆಚ್ಚುಕಡಿಮೆ ಒಂದು ದಿನದೊಳಗೆ ಎಲ್ಲವೂ ನಡೆದುಹೋಗುತ್ತದೆ. ಅಂತ್ಯ ಹೇಳಿ ನಿಮ್ಮ ಸುಖ ಕೆಡಿಸುವುದಿಲ್ಲ.

ಈ ಒಂದು ದಿನದ ಲೆಕ್ಕವೇ ಪುಸ್ತಕದ ದೊಡ್ಡ ಶಕ್ತಿ. ನಮ್ಮ ಮಾಯಸಂದ್ರದ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗುತ್ತದೆ. ಅದರ ಹಣೆಬರಹ ಮಾತ್ರ ತಿಪಟೂರು ಮಾರುಕಟ್ಟೆಯ ಒಂದು ದಿನದ ಧಾರಣೆಯಲ್ಲಿ ತೀರ್ಮಾನವಾಗುತ್ತದೆ. ವರ್ಷದ ದುಡಿಮೆ ಹೊತ್ತು ಪೇಟೆಗೆ ಹೋದ ರೈತನ ಎದೆಬಡಿತ ಥ್ರಿಲ್ಲರ್‌ನದೇ ಅಲ್ಲವೇ?

ಇನ್ನೊಂದು ಶಕ್ತಿ, ಇಲ್ಲಿ ಪತ್ತೇದಾರನೇ ಇಲ್ಲ. ಎನ್. ನರಸಿಂಹಯ್ಯನವರ ಕಾದಂಬರಿಗಳಲ್ಲಿ ಪತ್ತೇದಾರ ಪುರುಷೋತ್ತಮ ಬಂದರೆ ಓದುಗನಿಗೆ ಧೈರ್ಯ ಬರುತ್ತಿತ್ತು. ಸುರೇಶ–ಗೌರಿಗೆ ಅಂಥ ಆಸರೆ ಇಲ್ಲ. ಯಾರನ್ನು ನಂಬಬೇಕೆಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಭಯ ಹುಟ್ಟುವುದು ಅಲ್ಲೇ. ಕೆ.ಬಿ. ಕ್ರಾಸ್‌ನಲ್ಲಿ ಬಸ್ಸಿಗೆ ಕಾಯುವ ನಮಗೆ ‘ಕ್ರಾಸ್’ ಎಂದರೆ ಟೀ ಅಂಗಡಿ, ಗದ್ದಲ. ಅಂಥ ಮಾಮೂಲಿ ಪದಕ್ಕೇ ತೇಜಸ್ವಿ ನಡುಕ ತುಂಬಿದ್ದಾರೆ.

ಕೊರತೆಗಳೂ ಇವೆ. ಬೇಕಾದ ಹೊತ್ತಿಗೆ ಬೇಕಾದವರು ಎದುರಾಗುವ ಆಕಸ್ಮಿಕಗಳು ಸ್ವಲ್ಪ ಹೆಚ್ಚೇ. ಗುರುರಾಜ ಕವಿಯ ಹಳೆಯ ಕಾವ್ಯದಲ್ಲಿ ಕೆಂಪು ಹರಳಿನ ಸುಳಿವು ಹುಡುಕುವ ಭಾಗ ಕುತೂಹಲಕರ, ಆದರೆ ಓಡುವ ಕಥೆಗೆ ಅಲ್ಲಿ ಬ್ರೇಕ್ ಬೀಳುತ್ತದೆ. ಖಳರು ಬಂದಷ್ಟೇ ಬೇಗ ಮಾಯವಾಗುತ್ತಾರೆ; ಅವರು ಹಾಗೇಕಾದರು ಎಂದು ತಿಳಿಯಲು ಸಮಯವೇ ಸಿಗುವುದಿಲ್ಲ. ತೇಜಸ್ವಿಯವರದೇ ‘ಚಿದಂಬರ ರಹಸ್ಯ’ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಅದರಲ್ಲೂ ಸಾವಿನ ತನಿಖೆ ಇದೆ, ಏಲಕ್ಕಿ ಇದೆ. ಆದರೆ ಅಲ್ಲಿ ಕೆಸರೂರು ಎಂಬ ಇಡೀ ಊರು ಜೀವಂತವಾಗಿ ನಿಲ್ಲುತ್ತದೆ. ‘ಜುಗಾರಿ ಕ್ರಾಸ್’ ವೇಗಕ್ಕಾಗಿ ತೆತ್ತ ಬೆಲೆ ಆ ನಿಧಾನದ ಸುಖ.

ಆದರೂ ಎರಡನೇ ಸಲ ಓದಿದೆನಲ್ಲ, ಏಕೆ? ಮೊದಲ ಓದು ಮುಂದೇನಾಗುತ್ತದೆ ಎಂಬುದಕ್ಕೆ. ಎರಡನೆಯದು ಗೌರಿ, ಸುರೇಶರಿಗಾಗಿ. ಊರಲ್ಲೇ ಉಳಿದು, ಬೆಳೆದದ್ದನ್ನು ಮಾರಿ, ಯಾರ ತಂಟೆಗೂ ಹೋಗದೆ ಬದುಕಲು ಹೊರಟವರು ಅವರು. ಅಷ್ಟನ್ನೂ ಪೇಟೆ ಬಿಡುವುದಿಲ್ಲ. ಡಿಗ್ರಿ ಮುಗಿಸಿ, ಅಪ್ಪನ ತೋಟವೋ ಬೆಂಗಳೂರಿನ ನೌಕರಿಯೋ ಎಂದು ಲೆಕ್ಕ ಹಾಕುತ್ತಿರುವ ನನಗೆ ಈ ಕಾದಂಬರಿಯಲ್ಲಿ ಕೊನೆಗೂ ಕಾಡಿದ್ದು ಹರಳಿನ ರಹಸ್ಯವಲ್ಲ, ಈ ಪ್ರಶ್ನೆ. ಪರೀಕ್ಷೆ ಮುಗಿದ ಸಂಜೆ ಕೈಗೆತ್ತಿಕೊಳ್ಳಿ. ಅರ್ಧಕ್ಕೆ ಕೆಳಗಿಡುವುದು ಕಷ್ಟ.