ಬೆಟ್ಟದ ಮನೆಯಲ್ಲಿ ಕಡಲ ಮೀನಿನ ಹಿಂಡು: ತಪ್ಪು ಕಲ್ಪನೆ ಮತ್ತು ವಾಸ್ತವ

ಸಿಹಿನೀರಿನ ತೊಟ್ಟಿಯಲ್ಲಿ ಗಪ್ಪಿ, ಗೋಲ್ಡ್‌ಫಿಶ್ ಸಾಕಿ ಕೈ ಪಳಗಿದವರ ಮುಂದಿನ ಆಸೆ ಉಪ್ಪುನೀರಿನ ಅಕ್ವೇರಿಯಂ. ಅದರಲ್ಲೂ ಒಟ್ಟಿಗೆ ತಿರುಗುವ, ಒಟ್ಟಿಗೆ ಹೊಳೆಯುವ ಹಿಂಡನ್ನು ಮನೆಯಲ್ಲೇ ನೋಡುವ ಆಸೆ. ಕೊಡಗಿನಲ್ಲಿ ಇದು ಸುಲಭವಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಮೀನು ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಪ್ಲಾಸ್ಟಿಕ್ ಚೀಲದಲ್ಲಿ ಗಂಟೆಗಟ್ಟಲೆ ಪ್ರಯಾಣ ಮಾಡಿ ಬರಬೇಕು. ಹಾಗೆ ಬಂದ ಹಿಂಡು ಕೆಲವೇ ತಿಂಗಳಲ್ಲಿ ಒಂದೊಂದಾಗಿ ಕರಗಿಹೋದರೆ ಅದನ್ನು ಮೀನಿನ ಹಣೆಬರಹ ಎಂದು ಬಿಡುವುದು ಸರಿಯಲ್ಲ. ಬಹುಪಾಲು ಸಾವುಗಳ ಹಿಂದೆ ನಾವು ನಂಬಿಕೊಂಡು ಬಂದ ಕೆಲವು ತಪ್ಪು ಮಾತುಗಳಿವೆ.

1. ತಪ್ಪು ಕಲ್ಪನೆ: ಕಡಲಿನಲ್ಲಿ ಹಿಂಡಾಗಿರುವ ಮೀನು ತೊಟ್ಟಿಯಲ್ಲೂ ಹಿಂಡಾಗಿಯೇ ಇರುತ್ತದೆ

ವಾಸ್ತವ: ಮೀನುಗಳು ಮುಖ್ಯವಾಗಿ ಭಯದಿಂದ ಹಿಂಡು ಕಟ್ಟುತ್ತವೆ. ನೂರಾರು ಮೀನು ಒಟ್ಟಾಗಿ ತಿರುಗುವಾಗ ಬೇಟೆಗಾರನಿಗೆ ಒಂದರ ಮೇಲೆ ಕಣ್ಣಿಟ್ಟು ಹಿಡಿಯುವುದು ಕಷ್ಟ. ಪ್ರತಿ ಮೀನಿಗೂ ಸಾಯುವ ಸಂಭವ ಕಡಿಮೆ. ತೊಟ್ಟಿಯಲ್ಲಿ ಬೇಟೆಗಾರನೇ ಇಲ್ಲ. ಹೊಸದಾಗಿ ಬಂದ ಹಿಂಡು ಮೊದಲ ದಿನಗಳಲ್ಲಿ ಒತ್ತಾಗಿ ಈಜುವುದು ಬೆದರಿದ್ದರಿಂದ. ಹೆದರಿಕೆ ಇಳಿದಂತೆ ಒಂದೊಂದೂ ತನ್ನ ಮೂಲೆ ಹುಡುಕಿಕೊಳ್ಳುತ್ತದೆ. ಚದುರಿದ ಹಿಂಡು ನೆಮ್ಮದಿಯ ಲಕ್ಷಣವೂ ಆಗಬಹುದು.

ಹಿಂಡು ಬಿಗಿಯಾಗಲಿ ಎಂದು ದೊಡ್ಡ ಬೇಟೆ ಮೀನೊಂದನ್ನು ಜೊತೆಗೆ ಬಿಡುವ ಸಲಹೆ ಕೆಲವರಿಂದ ಬರುತ್ತದೆ. ಇದು ಕ್ರೂರ. ಕಡಲಿನಲ್ಲಿ ಅಪಾಯ ಬರುತ್ತದೆ, ಹೋಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಅದು ಹಗಲಿರುಳೂ ಎದುರಿಗೇ ಇರುತ್ತದೆ. ಸದಾ ಹೆದರಿದ ಮೀನು ತಿನ್ನುವುದಿಲ್ಲ, ರೋಗ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ.

2. ತಪ್ಪು ಕಲ್ಪನೆ: ಹಸಿರು ಕ್ರೋಮಿಸ್ ಅಗ್ಗ, ಸಾಧು, ಆರೇಳು ಬಿಟ್ಟರೆ ಹಿಂಡು ತಯಾರು

ವಾಸ್ತವ: ಅತಿ ಹೆಚ್ಚು ಜನ ಸೋಲುವುದು ಇಲ್ಲಿಯೇ. ಏಳು ಕ್ರೋಮಿಸ್ ಐದಾಗಿ, ಮೂರಾಗಿ, ಕೊನೆಗೆ ಒಂದೇ ಉಳಿಯುವ ಕತೆಯನ್ನು ಉಪ್ಪುನೀರಿನ ಮೀನು ಸಾಕುವವರು ಎಲ್ಲೆಡೆ ಹೇಳುತ್ತಾರೆ. ಹವಳದ ಕೊಂಬೆಗಳ ಮೇಲೆ ದೊಡ್ಡ ಗುಂಪಿನಲ್ಲಿ ತೇಲುಜೀವಿಗಳನ್ನು ಹೆಕ್ಕಿ ತಿನ್ನುವ ಮೀನು ಇದು. ಅಲ್ಲಿ ಬಲಿಷ್ಠ ಮೀನಿನ ಸಿಟ್ಟು ಹಲವರ ಮೇಲೆ ಹಂಚಿಹೋಗುತ್ತದೆ, ಸೋತದ್ದಕ್ಕೆ ಓಡಿಹೋಗಲು ಜಾಗವಿರುತ್ತದೆ. ತೊಟ್ಟಿಯಲ್ಲಿ ಮೇಲುಕೀಳು ಗಟ್ಟಿಯಾದ ಮೇಲೆ ಕಟ್ಟಕಡೆಯದು ಮೂಲೆ ಸೇರಿ ಊಟ ತಪ್ಪಿಸಿಕೊಳ್ಳುತ್ತದೆ. ಅದು ಸತ್ತರೆ ಸರದಿ ಮುಂದಿನದಕ್ಕೆ.

ಎಲ್ಲ ಸಾವಿಗೂ ಜಗಳವೇ ಕಾರಣವಲ್ಲ. ಪಕ್ಕೆಯಲ್ಲಿ ಕೆಂಪು ಹುಣ್ಣು ಕಂಡರೆ ಯೂರೋನೀಮಾ ಎಂಬ ಏಕಕೋಶ ಪರಾವಲಂಬಿಯನ್ನು ಶಂಕಿಸಬೇಕು. ದೂರ ಸಾಗಿ ಬಳಲಿದ ಕ್ರೋಮಿಸ್‌ಗಳಲ್ಲಿ ಇದು ಸಾಮಾನ್ಯ. ಆದ್ದರಿಂದ ಮೂರು ನಿಯಮ: ಕನಿಷ್ಠ ನಾಲ್ಕು ಅಡಿ ಉದ್ದದ ತೊಟ್ಟಿ, ಒಂದೇ ಗಾತ್ರದ ಎಳೆಯ ಮೀನುಗಳು, ಮುಖ್ಯ ತೊಟ್ಟಿಗೆ ಬಿಡುವ ಮುನ್ನ ಕೆಲವು ವಾರ ಬೇರೆ ತೊಟ್ಟಿಯಲ್ಲಿ ನಿಗಾ.

3. ತಪ್ಪು ಕಲ್ಪನೆ: ಗುಂಪಿನಲ್ಲಿ ಕಾಣುವ ಮೀನೆಲ್ಲ ಒಂದೇ ರೀತಿ ಬಾಳುತ್ತವೆ

ವಾಸ್ತವ: ಪ್ರತಿ ಜಾತಿಯ ಸಂಸಾರವೂ ಬೇರೆ. ಎಷ್ಟು ಮೀನು ಎನ್ನುವ ಲೆಕ್ಕ ಶುರುವಾಗಬೇಕಾದದ್ದು ಅಲ್ಲಿಂದ.

ಕ್ಲೌನ್ ಮೀನು ಒಂದು ಸಮುದ್ರ ಹೂವಿನ (ಸೀ ಅನಿಮೋನಿ) ಆಸರೆಯಲ್ಲಿ ಚಿಕ್ಕ ಗುಂಪಾಗಿರುತ್ತದೆ. ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಉಳಿದವು ಬೆಳವಣಿಗೆ ತಡೆಹಿಡಿದ ಮರಿಗಳು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ. ಮನೆಯ ತೊಟ್ಟಿಯಲ್ಲಿ ಜೋಡಿ ಕೂಡಿದ ಮೇಲೆ ಮೂರನೆಯದಕ್ಕೆ ಉಳಿಗಾಲವಿಲ್ಲ. ಹಾಗಾಗಿ ಎರಡು ಸಾಕು.

ಆಂಥಿಯಾಸ್‌ನ ದಾರಿ ಇದಕ್ಕೆ ತದ್ವಿರುದ್ಧ: ಒಂದು ಗಂಡು, ಹಲವು ಹೆಣ್ಣು. ಗಂಡು ಇಲ್ಲವಾದರೆ ಹಿರಿಯ ಹೆಣ್ಣು ಗಂಡಾಗಿ ಬದಲಾಗುತ್ತದೆ. ಇಸ್ರೇಲಿನ ವಿಜ್ಞಾನಿ ಲೆವ್ ಫಿಶೆಲ್ಸನ್ 1970ರಲ್ಲೇ ಇದನ್ನು ಪ್ರಕಟಿಸಿದ್ದರು. ಎರಡು ಗಂಡು ತಂದರೆ ಕಾದಾಟ ಖಚಿತ. ಇಡೀ ದಿನ ಮೇಯುವ ಜಾತಿಯಾದ್ದರಿಂದ ದಿನಕ್ಕೆ ಮೂರು ಬಾರಿಯಾದರೂ ಸ್ವಲ್ಪ ಸ್ವಲ್ಪವೇ ಆಹಾರ ಬೇಕು. ಬೆಳಿಗ್ಗೆ ತೋಟಕ್ಕೆ ಹೋಗಿ ಸಂಜೆ ಮರಳುವ ಮನೆಯಲ್ಲಿ ಈ ಮೀನು ಬಡವಾಗುತ್ತದೆ.

ಬಂಗಾಯ್ ಕಾರ್ಡಿನಲ್ ಇಂಡೊನೇಷ್ಯಾದ ಬಂಗಾಯ್ ದ್ವೀಪಗಳ ಮೀನು. ಎಳೆಯವು ಸೌಮ್ಯವಾಗಿ ಗುಂಪಾಗಿರುತ್ತವೆ, ಬೆಳೆದು ಜೋಡಿಯಾದ ಮೇಲೆ ಉಳಿದವನ್ನು ಓಡಿಸಿ ಕೊಲ್ಲುತ್ತವೆ. ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಯುವ ಈ ಜಾತಿ ಅಳಿವಿನಂಚಿನ ಪಟ್ಟಿಯಲ್ಲಿದೆ. ಸಾಕುವುದಾದರೆ ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಒಂದು ಜೋಡಿ ಮಾತ್ರ.

4. ತಪ್ಪು ಕಲ್ಪನೆ: ಮೀನು ಹೆಚ್ಚಿದಷ್ಟು ಜಗಳ ಕಡಿಮೆ

ವಾಸ್ತವ: ಸಿಟ್ಟು ಹಂಚಿಹೋಗುವುದು ಸ್ವಲ್ಪ ಮಟ್ಟಿಗೆ ನಿಜ, ಆದರೆ ಕೊಳೆ ಹಂಚಿಹೋಗುವುದಿಲ್ಲ. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಬದಲಿಸಬೇಕು. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಅದಕ್ಕೂ ಮೊದಲೇ ಹಿಂಡು ಬಿಟ್ಟರೆ ಅಮೋನಿಯಾ ಕಿವಿರುಗಳನ್ನು ಸುಡುತ್ತದೆ.

ಇಲ್ಲೊಂದು ಇಕ್ಕಟ್ಟಿದೆ. ಫಿಲ್ಟರ್‌ನ ದೃಷ್ಟಿಯಿಂದ ಮೀನನ್ನು ಒಂದೊಂದಾಗಿ ಸೇರಿಸಬೇಕು. ಜಗಳ ತಪ್ಪಿಸಲು ಇಡೀ ಹಿಂಡನ್ನು ಒಮ್ಮೆಗೇ ಬಿಡಬೇಕು, ಏಕೆಂದರೆ ಮೊದಲು ಬಂದದ್ದು ಜಾಗ ತನ್ನದೆನ್ನುತ್ತದೆ. ಪರಿಹಾರ ತಾಳ್ಮೆಯಲ್ಲಿದೆ: ತೊಟ್ಟಿ ಪಕ್ವವಾಗಲಿ, ಹಿಂಡು ನಿಗಾ ತೊಟ್ಟಿಯಲ್ಲಿ ಒಟ್ಟಿಗೆ ಇರಲಿ, ಕೊನೆಗೆ ಎಲ್ಲವೂ ಒಂದೇ ದಿನ ಒಳಗೆ ಹೋಗಲಿ. ಮುಂದಿನ ದಿನಗಳಲ್ಲಿ ಅಮೋನಿಯಾ ಪರೀಕ್ಷೆ ತಪ್ಪಬಾರದು.

5. ತಪ್ಪು ಕಲ್ಪನೆ: ಕೊಡಗಿನ ನೀರು ಶುದ್ಧ, ಉಪ್ಪು ಬೆರೆಸಿದರೆ ಕಡಲಾಯಿತು

ವಾಸ್ತವ: ಅಡುಗೆ ಉಪ್ಪಿನಲ್ಲಿ ಕಡಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಇರುವುದಿಲ್ಲ. ಅಕ್ವೇರಿಯಂಗೆಂದೇ ತಯಾರಾದ ಸಾಗರ ಲವಣ ಬೇಕು. ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶ, ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು, ಪಿಎಚ್ 8.1ರಿಂದ 8.3. ಇವನ್ನು ಅಳತೆ ಮಾಡಿಯೇ ತಿಳಿಯಬೇಕು.

ನಮ್ಮ ನೀರಿನಲ್ಲಿ ಗಡಸುತನ ಕಡಿಮೆ, ನಿಜ. ಆದರೆ ಕಾಫಿಯ ಎಲೆ ತುಕ್ಕಿಗೆ, ಮೆಣಸಿನ ಸೊರಗು ರೋಗಕ್ಕೆ ತೋಟಗಳಲ್ಲಿ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರ ಮುಖ್ಯ ವಸ್ತು ಮೈಲುತುತ್ತ, ಅಂದರೆ ತಾಮ್ರದ ಲವಣ. ಸಿಂಪಡಣೆಯ ಕಾಲದಲ್ಲಿ ಮಾಡಿನ ಮೇಲೆ ಬಿದ್ದ ಹನಿ ಮಳೆನೀರಿನ ಜೊತೆ ತೊಟ್ಟಿ ಸೇರಬಹುದು. ಸಿಗಡಿ, ಬಸವನಹುಳು, ಹವಳಗಳಿಗೆ ಅತ್ಯಲ್ಪ ತಾಮ್ರವೂ ವಿಷ. ಆದ್ದರಿಂದ ತೋಟದ ನಡುವಿನ ಮನೆಯಲ್ಲಿ ಆರ್‌ಒ (ರಿವರ್ಸ್ ಆಸ್ಮೋಸಿಸ್) ಮತ್ತು ಡಿಐ (ಡಿಅಯೋನೈಸೇಶನ್) ಫಿಲ್ಟರ್ ದಾಟಿ ಬಂದ ನೀರನ್ನೇ ಬಳಸಿ.

ದಡದಿಂದ ಕ್ಯಾನಿನಲ್ಲಿ ಕಡಲ ನೀರು ತುಂಬಿ ತರುವುದೂ ಸಲ್ಲದು. ಮಳೆಗಾಲದಲ್ಲಿ ನೇತ್ರಾವತಿಯಂಥ ನದಿಗಳು ಸುರಿಯುವ ಸಿಹಿನೀರಿನಿಂದ ದಡದ ಲವಣಾಂಶ ಇಳಿದಿರುತ್ತದೆ, ಜೊತೆಗೆ ಕೆಸರೂ ರೋಗಾಣುಗಳೂ ಬರುತ್ತವೆ.

6. ತಪ್ಪು ಕಲ್ಪನೆ: ನಮ್ಮ ಊರು ತಂಪು, ಮೀನಿಗೆ ಒಳ್ಳೆಯದು

ವಾಸ್ತವ: ಹವಳದ ಕಡಲಿನ ಮೀನಿಗೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಬೇಕು. ಬಯಲುಸೀಮೆಯವರು ಚಿಲ್ಲರ್‌ಗೆ ಹಣ ಸುರಿದರೆ ನಮಗೆ ಹೀಟರ್ ಅನಿವಾರ್ಯ. ಹುತ್ತರಿ ಹಬ್ಬ ಕಳೆದ ಮೇಲಿನ ಚಳಿಯ ರಾತ್ರಿಗಳಲ್ಲಿ ಬಿಸಿಯಿಲ್ಲದ ತೊಟ್ಟಿ ಅಪಾಯದ ಮಟ್ಟಕ್ಕೆ ತಣಿಯುತ್ತದೆ. ಒಂದು ದೊಡ್ಡ ಹೀಟರ್‌ಗಿಂತ ಎರಡು ಸಣ್ಣವು ಲೇಸು. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ.

7. ತಪ್ಪು ಕಲ್ಪನೆ: ಕರೆಂಟ್ ಹೋದರೂ ಒಂದು ರಾತ್ರಿ ಏನೂ ಆಗದು

ವಾಸ್ತವ: ಕಕ್ಕಡ ತಿಂಗಳ ಜೋರು ಮಳೆಯಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳಲಾಗದು. ಹಿಂಡನ್ನು ಆಗ ಮೊದಲು ಕಾಡುವುದು ಆಮ್ಲಜನಕದ ಕೊರತೆ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ಒಂದು ಲೀಟರ್ ಸಿಹಿನೀರು ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, ಉಪ್ಪುನೀರು ಸುಮಾರು 6.7 ಮಾತ್ರ. ಮಡಿಕೇರಿಯ ಎತ್ತರದಲ್ಲಿ ಗಾಳಿಯ ಒತ್ತಡವೇ ಕಡಿಮೆ. ಅಲ್ಲಿ ಉಪ್ಪುನೀರಿನ ಈ ಪ್ರಮಾಣ 6ರ ಹತ್ತಿರಕ್ಕೆ ಇಳಿಯುತ್ತದೆ. ಒಂಟಿ ಮೀನು ತಾಳಿಕೊಳ್ಳುವಷ್ಟು ಹೊತ್ತು ಹಿಂಡು ತಾಳದು.

ಬ್ಯಾಟರಿ ಏರ್ ಪಂಪ್ ಎರಡು ಇರಲಿ. ಮನೆಯ ಇನ್ವರ್ಟರ್‌ಗೆ ನೀರು ತಿರುಗಿಸುವ ಪಂಪನ್ನು ಜೋಡಿಸಿ. ಹೀಟರ್ ಜೋಡಿಸಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ತಣ್ಣಗಾಗದಂತೆ ಗಾಜಿನ ಸುತ್ತ ಕಂಬಳಿ ಹೊದಿಸಿ, ಮೇಲ್ಭಾಗ ಗಾಳಿಗೆ ತೆರೆದಿರಲಿ. ಕರೆಂಟ್ ಬರುವವರೆಗೆ ಆಹಾರ ಹಾಕಬೇಡಿ.

8. ತಪ್ಪು ಕಲ್ಪನೆ: ಕಡಲಿನಿಂದ ಹಿಡಿದ ಮೀನೇ ಗಟ್ಟಿ, ಕಡಲಿನ ಕಲ್ಲೇ ಚಂದ

ವಾಸ್ತವ: ಸಾಕಣೆಯಲ್ಲಿ ಹುಟ್ಟಿದ ಮೀನಿಗೆ ಗಾಜೂ ಗೊತ್ತು, ಒಣ ಆಹಾರವೂ ಗೊತ್ತು. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನು, ಡ್ಯಾಮ್ಸೆಲ್‌ಗಳ ಮರಿ ಮಾಡಿಸುವ ವಿಧಾನ ರೂಪಿಸಿದೆ. ಅದರ ವಿಳಿಂಞಂ ಕೇಂದ್ರ ಒಂದು ಜಾತಿಯ ಆಂಥಿಯಾಸ್‌ನಲ್ಲೂ ಯಶಸ್ಸು ಕಂಡಿದೆ. ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು, ಈ ಮರಿ ಎಲ್ಲಿ ಹುಟ್ಟಿದ್ದು ಎಂದು.

ಹವಳಗಳು, ಕಡಲ ಕುದುರೆಗಳು 2001ರಿಂದಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವನ್ನು ನಮ್ಮ ಕಡಲಿನಿಂದ ಕೀಳುವುದು, ಮಾರುವುದು ಅಪರಾಧ. ಕೃತಕವಾಗಿ ತಯಾರಿಸಿದ ರಂಧ್ರಯುಕ್ತ ಕಲ್ಲಿನಲ್ಲೂ ಬ್ಯಾಕ್ಟೀರಿಯಾ ಅಷ್ಟೇ ಚೆನ್ನಾಗಿ ಬೆಳೆಯುತ್ತದೆ.

9. ತಪ್ಪು ಕಲ್ಪನೆ: ಹಿಂಡಿಲ್ಲದ ತೊಟ್ಟಿ ಸಪ್ಪೆ

ವಾಸ್ತವ: ಹಿಂಡು ತರುವ ಮೊದಲು ಐದು ಪ್ರಶ್ನೆ ಕೇಳಿಕೊಳ್ಳಿ. ತೊಟ್ಟಿ ಕನಿಷ್ಠ ನಾಲ್ಕು ಅಡಿ ಉದ್ದವಿದೆಯೇ? ಫಿಲ್ಟರ್ ಪಕ್ವವಾಗಿದೆಯೇ? ನಿಗಾ ತೊಟ್ಟಿ ಇದೆಯೇ? ದಿನಕ್ಕೆ ಮೂರು ಬಾರಿ ಆಹಾರ ಹಾಕುವವರು ಮನೆಯಲ್ಲಿದ್ದಾರೆಯೇ? ಎರಡು ದಿನ ಕರೆಂಟ್ ಇಲ್ಲದಿದ್ದರೂ ಗಾಳಿಯಾಡಿಸಲು ಸಾಧ್ಯವೇ? ಒಂದಕ್ಕೆ ಇಲ್ಲ ಎಂಬ ಉತ್ತರ ಬಂದರೂ ಹಿಂಡಿನ ಆಸೆ ಸದ್ಯಕ್ಕೆ ಬಿಡಿ. ಸಾಕಣೆಯಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನು ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ದಾಟಿ ಬಾಳುತ್ತದೆ, ಮೊಟ್ಟೆಯಿಟ್ಟು ಕಾಯುವುದನ್ನೂ ತೋರಿಸುತ್ತದೆ.

ಹಿಂಡನ್ನೇ ನೋಡಬೇಕೆನಿಸಿದರೆ ಕುಶಾಲನಗರ ದಾಟಿ ಹಾಸನ ಜಿಲ್ಲೆಯ ರಾಮನಾಥಪುರಕ್ಕೆ ಹೋಗಿ. ಮೀನು ಹಿಡಿಯಲು ನಿಷೇಧವಿರುವ ಅಲ್ಲಿನ ಕಾವೇರಿಯ ಮಡುವಿನಲ್ಲಿ ಮಹಶೀರ್‌ಗಳು ಗುಂಪಾಗಿ ಬದುಕುತ್ತಿವೆ. ಯಾವ ಮೀನನ್ನು ಮನೆಗೆ ತರಬಹುದು, ಯಾವುದನ್ನು ಅದರ ನೀರಿನಲ್ಲೇ ಬಿಟ್ಟು ನೋಡಬೇಕು ಎಂಬ ವಿವೇಕವೇ ಮೀನು ಸಾಕುವವರ ಮೊದಲ ಅರ್ಹತೆ.