ಒಂದೇ ಪ್ರಶ್ನೆಗೆ ಮುಚ್ಚುವ ಕಿಂಡಿ

ಸುರಪುರದ ವಿದ್ಯಾರ್ಥಿಯೊಬ್ಬನು ಫೋನಿನಲ್ಲಿ ಜಾಲತಾಣವೊಂದರ ಹೆಸರನ್ನು ಬರೆದನೆನ್ನೋಣ. ಆ ಹೆಸರಿಗೆ ಸಲ್ಲುವ ಅಂಕೆಯ ವಿಳಾಸವನ್ನು ಹುಡುಕಿಕೊಡುವುದು ಡಿಎನ್‌ಎಸ್ ಸರ್ವರ್. ಅದು ಯಾದಗಿರಿ ಬಸ್ ನಿಲ್ದಾಣದ ವಿಚಾರಣೆಯ ಕಿಂಡಿಯಿದ್ದಂತೆ. ಕಿಂಡಿ ಮುಚ್ಚಿದರೆ, ಶಹಾಪುರದ ಬಸ್ಸು ಸಿದ್ಧವಾಗಿದ್ದರೂ ಹೊಸಬರಿಗೆ ತಿಳಿಯದು.

ಕಿಂಡಿ ಮುಚ್ಚಲು ಸಾವಿರಾರು ಜನರ ನೂಕುನುಗ್ಗಲೇ ಬೇಕೆಂದು ನಾವು ಭಾವಿಸುತ್ತೇವೆ. ಹಾಗೇನಿಲ್ಲ. ೨೦೧೫ರಲ್ಲಿ ‘ಬೈಂಡ್’ ಎಂಬ ಪ್ರಸಿದ್ಧ ಡಿಎನ್‌ಎಸ್ ತಂತ್ರಾಂಶದಲ್ಲೊಂದು ದೋಷ ಕಂಡುಬಂದಿತು. ಕುಟಿಲವಾಗಿ ರಚಿಸಿದ ಒಂದೇ ಪ್ರಶ್ನೆ ಬಂದರೆ, ಅದು ‘ಇದು ಅಸಾಧ್ಯ’ವೆಂದು ಬಗೆದು ತಾನೇ ಕೆಲಸ ನಿಲ್ಲಿಸುತ್ತಿತ್ತು.

೨೦೨೪ರಲ್ಲಿ ಜರ್ಮನಿಯ ಸಂಶೋಧಕರು ಪ್ರಕಟಿಸಿದ ‘ಕೀಟ್ರ್ಯಾಪ್’ ಇನ್ನೂ ವಿಚಿತ್ರವಾದುದು. ಬಂದ ಉತ್ತರ ನಿಜವೇ ಎಂದು ತಿಳಿಯಲು ಸರ್ವರ್ ಅದರ ಸಹಿಗಳನ್ನು ಗಣಿತದ ಕೀಲಿಗಳಿಂದ ಪರೀಕ್ಷಿಸುತ್ತದೆ. ಒಂದೇ ಗುರುತಿನ ೧೦೦ ಕೀಲಿಗಳೂ ೧೦೦ ಸುಳ್ಳು ಸಹಿಗಳೂ ಇದ್ದರೆ ೧೦,೦೦೦ ಪರೀಕ್ಷೆಗಳಾದವು! ಇಂತಹ ಒಂದೇ ಉತ್ತರವು ಬೈಂಡನ್ನು ೧೬ ಗಂಟೆಗಳವರೆಗೆ ತಡೆಯಬಲ್ಲುದೆಂದು ಅವರು ತೋರಿಸಿದರು. ಅಷ್ಟು ಹೊತ್ತೂ ಉಳಿದವರ ಪ್ರಶ್ನೆಗಳಿಗೆ ಉತ್ತರವಿಲ್ಲ.

ಎಲ್ಲ ಕೀಲಿಗಳನ್ನೂ ಪ್ರಯತ್ನಿಸಬೇಕೆಂಬುದು ಡಿಎನ್‌ಎಸ್‌ನ ನಿಯಮವೇ ಆಗಿತ್ತು. ಅದನ್ನು ಚಾಚೂ ತಪ್ಪದೆ ಪಾಲಿಸಿದ್ದೇ ಕೇಡಾಯಿತು. ಈಗಿನ ತಿದ್ದಿದ ತಂತ್ರಾಂಶಗಳಲ್ಲಿ ಪರೀಕ್ಷೆಗಳಿಗೆ ಮಿತಿಯುಂಟು. ಆದರೆ ಹಳೆಯದನ್ನು ಬದಲಿಸದ ಸರ್ವರ್‌ಗೆ ಆ ರಕ್ಷಣೆಯಿಲ್ಲ.