ನಮ್ಮ ನಂತರ ಇವರಿಗೆ ಯಾರು?

ಮಕ್ಕಳು ಮದುವೆಯಾಗಿ ಮನೆ ಬಿಟ್ಟು ಹೋಗುವಾಗ ತಂದೆತಾಯಿಯ ಕಣ್ಣು ತುಂಬಿ ಬರುವುದು ಲೋಕರೂಢಿ. ಆದರೆ ಕೆಲವು ಮನೆಗಳಲ್ಲಿ ಮಗ ಅಥವಾ ಮಗಳು ಎಂದಿಗೂ ಮನೆ ಬಿಟ್ಟು ಹೋಗಲಾರರು ಎಂಬುದೇ ಕಣ್ಣೀರಿಗೆ ಕಾರಣ. ಮಗನಿಗೆ ಮೂವತ್ತೈದು, ತಾಯಿಗೆ ಎಪ್ಪತ್ತು. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಪೇಟೆಗೆ ಹೋಗುವಾಗ ಕೈ ಹಿಡಿಯುವುದು ಎಲ್ಲವೂ ಆಕೆಯೇ. ಇಂಥ ಮನೆಗಳನ್ನು ಆಶೀರ್ವದಿಸಲು ಹೋಗುವ ಗುರುಗಳ ಮುಂದೆ ಬರುವ ಪ್ರಶ್ನೆ ಒಂದೇ: "ಫಾದರ್, ನಾವು ತೀರಿಹೋದ ಮೇಲೆ ಇವನಿಗೆ ಯಾರು?"

ಈ ಪ್ರಶ್ನೆಗೆ "ದೇವರಿದ್ದಾನೆ" ಎಂಬ ಉತ್ತರ ಸುಳ್ಳಲ್ಲ. ಆದರೆ ದೇವರು ತನ್ನ ಕೆಲಸವನ್ನು ಮನುಷ್ಯರ ಕೈಯಿಂದಲೇ ಮಾಡಿಸುತ್ತಾನೆ. ಆ ಕೈಗಳು ಯಾವುವು, ದಾರಿ ಏನಿದೆ ಎಂಬುದನ್ನು ಈ ಬಾರಿ ನಾವೆಲ್ಲರೂ ಸೇರಿ ಯೋಚಿಸೋಣ.

ಮಕ್ಕಳಲ್ಲ, ವಯಸ್ಕರು

ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್ ಇವೆಲ್ಲ ಹುಟ್ಟಿನಿಂದ ಅಥವಾ ಎಳವೆಯಿಂದಲೇ ಬರುವ ಬೆಳವಣಿಗೆಯ ತೊಂದರೆಗಳು. ಇವು ಮದ್ದಿನಿಂದ ವಾಸಿಯಾಗುವ ಕಾಯಿಲೆಗಳಲ್ಲ, ಹುಚ್ಚೂ ಅಲ್ಲ, ಯಾರ ಪಾಪದ ಫಲವೂ ಅಲ್ಲ. ಹುಟ್ಟು ಕುರುಡನನ್ನು ನೋಡಿ ಇದು ಯಾರ ಪಾಪವೆಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದರು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವಿಕಲರೆಂದು ದಾಖಲಾದವರು 2.68 ಕೋಟಿ, ಅವರಲ್ಲಿ ಬೌದ್ಧಿಕ ಅಸಾಮರ್ಥ್ಯ ಇರುವವರು ಸುಮಾರು 15 ಲಕ್ಷ.

ಹಿಂದಿನ ಕಾಲದಲ್ಲಿ ಇಂಥ ಎಷ್ಟೋ ಮಂದಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಳ್ಳುತ್ತಿದ್ದರು. ಅಮೆರಿಕದಲ್ಲಿ 1983ರಲ್ಲಿ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಸ್ಸು ಬರೀ 25 ವರ್ಷ; ಇಂದು ಅದು 60ರ ಹತ್ತಿರ ಬಂದಿದೆ. ಹೃದಯದ ಶಸ್ತ್ರಚಿಕಿತ್ಸೆ, ಸೋಂಕಿಗೆ ಮದ್ದು, ಮನೆಯವರ ಆರೈಕೆ ಇವೆಲ್ಲ ಅದಕ್ಕೆ ಕಾರಣ. ಇದು ಸಂತೋಷದ ಸುದ್ದಿ. ಆದರೆ ಇದರ ಜೊತೆಗೇ, ತಂದೆತಾಯಿಗಿಂತ ಹೆಚ್ಚು ಕಾಲ ಬದುಕುವ ಮಗನನ್ನು ನೋಡಿಕೊಳ್ಳುವ ಜವಾಬ್ದಾರಿ ಮುಂದಿನ ತಲೆಮಾರಿಗೆ ಬಂದಿದೆ. ವಿಶೇಷ ಶಾಲೆಗಳು ಹೆಚ್ಚಾಗಿ ಹದಿನೆಂಟರವರೆಗೆ ಮಾತ್ರ. ಆಮೇಲೆ ಹೆಚ್ಚಿನವರಿಗೆ ಮನೆಯ ಜಗಲಿಯೇ ಲೋಕ.

ಕಾಸರಗೋಡಿನ ನಮಗೆ ಇದು ದೂರದ ಮಾತಲ್ಲ. ಇಲ್ಲಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ, ಪಡ್ರೆ, ಸ್ವರ್ಗ ಮೊದಲಾದ ಊರುಗಳ ಹೆಸರು ಲೋಕಕ್ಕೆಲ್ಲ ತಿಳಿದದ್ದು ಆಗಲೇ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಈ ವಿಷವನ್ನು ತಡೆಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು. ಅಂದು ಪತ್ರಿಕೆಗಳ ಮುಖಪುಟದಲ್ಲಿ ಕಂಡ ಎಳೆಯ ಮುಖಗಳು ಇಂದು ಇಪ್ಪತ್ತೈದು ಮೂವತ್ತು ದಾಟಿವೆ. ಪರಿಹಾರದ ಹಣ ಆಸ್ಪತ್ರೆಯ ಸಾಲ ತೀರಿಸಬಹುದು. ಆದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ, ಏನು ಮಾಡಲಿ, ಯಾರ ಜೊತೆ ಊಟ ಮಾಡಲಿ ಎಂಬ ಪ್ರಶ್ನೆಗೆ ಹಣ ಒಂದೇ ಉತ್ತರವಾಗದು.

ಮನೆಯೆಂದರೆ ನಾಲ್ಕು ಗೋಡೆಯಲ್ಲ

ಬೆಲ್ಜಿಯಂ ದೇಶದಲ್ಲಿ ಗೇಲ್ ಎಂಬ ಪಟ್ಟಣವಿದೆ. ಐರ್ಲೆಂಡಿನ ರಾಜಕುಮಾರಿ ಸಂತ ದಿಂಫ್ನಾ ಅಲ್ಲಿ ರಕ್ತಸಾಕ್ಷಿಯಾದಳೆಂದು ಪ್ರತೀತಿ. ಆಕೆಯ ದೇವಾಲಯಕ್ಕೆ ಮನೋರೋಗಿಗಳನ್ನೂ ಬುದ್ಧಿ ಬೆಳೆಯದವರನ್ನೂ ಹರಕೆ ಹೊತ್ತು ಕರೆತರುತ್ತಿದ್ದರು. ದೇವಾಲಯದಲ್ಲಿ ಜಾಗ ಸಾಲದಾದಾಗ ಊರಿನ ಮನೆಯವರು ಅವರನ್ನು ತಮ್ಮ ಮನೆಯಲ್ಲಿ ಇರಿಸಿಕೊಂಡರು. ಹೊಲದ ಕೆಲಸಕ್ಕೆ ಜೊತೆಗೆ ಕರೆದೊಯ್ದರು, ಒಂದೇ ಮೇಜಿನಲ್ಲಿ ಊಟ ಹಾಕಿದರು. ಹೀಗೆ ಆರಂಭವಾದ ಪದ್ಧತಿ ಶತಮಾನಗಳ ಕಾಲ ನಡೆದುಬಂದಿದೆ. 1938ರ ಸುಮಾರಿಗೆ ಆ ಪಟ್ಟಣದ ಮನೆಗಳಲ್ಲಿ 3,700ಕ್ಕೂ ಹೆಚ್ಚು ಮಂದಿ ಹೀಗೆ ಬದುಕುತ್ತಿದ್ದರು. ಈಗ ಸಂಖ್ಯೆ ಬಹಳ ಕಡಿಮೆಯಾಗಿದ್ದರೂ ಪದ್ಧತಿ ನಿಂತಿಲ್ಲ; ಮನೆಯವರಿಗೆ ಭತ್ಯೆ, ಬೆನ್ನಿಗೆ ದಾದಿಯರು ಮತ್ತು ವೈದ್ಯರು ಇದ್ದಾರೆ. 2023ರಲ್ಲಿ ಯುನೆಸ್ಕೋ ಇದಕ್ಕೆ ಮನ್ನಣೆ ನೀಡಿತು. ಇದನ್ನು ಕಟ್ಟಿದವರು ದೊಡ್ಡ ಪಂಡಿತರಲ್ಲ, ಒಂದು ಊರಿನ ಸಾಮಾನ್ಯ ಕ್ರೈಸ್ತ ಕುಟುಂಬಗಳು.

ನಮ್ಮ ಕಾಲದ ಉದಾಹರಣೆ ಲಾರ್ಶ್. 1964ರಲ್ಲಿ ಫ್ರಾನ್ಸಿನ ಟ್ರೋಲಿ ಎಂಬ ಹಳ್ಳಿಯಲ್ಲಿ ಜೀನ್ ವಾನಿಯೇ ಎಂಬ ಕೆನಡಾ ಮೂಲದ ಗೃಹಸ್ಥರು, ದೊಡ್ಡ ಆಶ್ರಮವೊಂದರಲ್ಲಿ ಕೂಡಿಹಾಕಲ್ಪಟ್ಟಿದ್ದ ಬೌದ್ಧಿಕ ಅಸಾಮರ್ಥ್ಯದ ವ್ಯಕ್ತಿಗಳನ್ನು ಕರೆತಂದು ಒಂದೇ ಮನೆಯಲ್ಲಿ ಬದುಕತೊಡಗಿದರು. ಸೇವೆ ಮಾಡುವವರು ಬೇರೆ, ಪಡೆಯುವವರು ಬೇರೆ ಎಂಬ ಭೇದವಿಲ್ಲದೆ ಒಟ್ಟಿಗೆ ಅಡುಗೆ, ಒಟ್ಟಿಗೆ ಪ್ರಾರ್ಥನೆ ಇಲ್ಲಿನ ಕ್ರಮ. 1970ರಲ್ಲಿ ಬೆಂಗಳೂರಿನಲ್ಲಿ 'ಆಶಾ ನಿಕೇತನ' ಎಂಬ ಹೆಸರಿನಲ್ಲಿ ಭಾರತದ ಮೊದಲ ಮನೆ ತೆರೆಯಿತು. ಕೇರಳದಲ್ಲಿ ಕೋಝಿಕ್ಕೋಡು ಜಿಲ್ಲೆಯ ನಂದಿ ಬಜಾರಿನಲ್ಲಿಯೂ ಒಂದಿದೆ. ಅಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರೆಂಬ ಭೇದವಿಲ್ಲ.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ವಾನಿಯೇ 2019ರಲ್ಲಿ ನಿಧನರಾದ ಬಳಿಕ ಲಾರ್ಶ್ ಸಂಸ್ಥೆಯೇ ಮಾಡಿಸಿದ ತನಿಖೆಗಳಿಂದ ಅವರು ಅನೇಕ ಸ್ತ್ರೀಯರನ್ನು ಶೋಷಿಸಿದ್ದು ಬೆಳಕಿಗೆ ಬಂತು. 2023ರ ವರದಿ ಕನಿಷ್ಠ 25 ಮಂದಿಯನ್ನು ಲೆಕ್ಕಹಾಕಿದೆ. ಆ ಸ್ತ್ರೀಯರು ಅಸಾಮರ್ಥ್ಯ ಇದ್ದವರಲ್ಲ. ಸಂಸ್ಥೆ ಇದನ್ನು ಮುಚ್ಚಿಡದೆ ತಾನೇ ಪ್ರಕಟಿಸಿತು. ಇದರಿಂದ ಆ ಮನೆಗಳಲ್ಲಿ ಸಾವಿರಾರು ಮಂದಿ ಕಂಡ ಒಳಿತು ಸುಳ್ಳಾಗುವುದಿಲ್ಲ. ಆದರೆ ಪಾಠ ಸ್ಪಷ್ಟ: ಸಂತನೆನಿಸಿಕೊಂಡವನ ಮೇಲೂ ಕಣ್ಣಿರಬೇಕು. ಮಾತನಾಡಲು ಬಾರದವರನ್ನು ಒಪ್ಪಿಸುವ ಯಾವ ಮನೆಯಲ್ಲಾದರೂ ಹೊರಗಿನವರು ಯಾವಾಗ ಬೇಕಾದರೂ ಬಂದು ನೋಡುವ ಅವಕಾಶ, ದೂರು ಕೇಳುವ ವ್ಯವಸ್ಥೆ, ಸಿಬ್ಬಂದಿಯ ಹಿನ್ನೆಲೆಯ ವಿಚಾರಣೆ ಇವು ಇರಲೇಬೇಕು. "ಅದು ಚರ್ಚಿನವರದ್ದು, ಕೇಳಬೇಕಾಗಿಲ್ಲ" ಎನ್ನುವುದು ಭಕ್ತಿಯಲ್ಲ, ಅಜಾಗರೂಕತೆ.

ದೊಡ್ಡ ಕಟ್ಟಡಕ್ಕಿಂತ ಐದಾರು ಮಂದಿಯ ಸಣ್ಣ ಮನೆ, ಹುಟ್ಟಿದ ಊರಿನ ಹತ್ತಿರವೇ, ಗೊತ್ತಿರುವ ಭಾಷೆಯ ನಡುವೆ ಇದ್ದರೆ ಒಳ್ಳೆಯದು. ಭಾಷೆಯ ವಿಷಯ ನಮ್ಮ ಗಡಿನಾಡಿಗೆ ಮುಖ್ಯ. ಮನೆಯಲ್ಲಿ ಕೊಂಕಣಿಯನ್ನೋ ತುಳುವನ್ನೋ ಕನ್ನಡವನ್ನೋ ಕೇಳಿ ಬೆಳೆದವನಿಗೆ, ನಲುವತ್ತನೆಯ ವಯಸ್ಸಿನಲ್ಲಿ ಬೇರೆ ಭಾಷೆ ಮಾತ್ರ ಇರುವ ಮನೆಗೆ ಹೋದರೆ ಅರ್ಧ ಲೋಕವೇ ಮೌನವಾದಂತೆ.

ದುಡಿಮೆಯ ಸಂತೋಷ

"ಪಾಪ, ಇವನಿಂದ ಏನಾಗುತ್ತದೆ?" ಎಂಬುದು ನಾವು ಪ್ರೀತಿಯಿಂದಲೇ ಹೇಳುವ, ಆದರೆ ಕೇಳಿದವನನ್ನು ಕುಗ್ಗಿಸುವ ಮಾತು. ಕೇರಳದಲ್ಲಿ ಸ್ಥಳೀಯ ಪಂಚಾಯತುಗಳು ಕುಟುಂಬಶ್ರೀಯ ಜೊತೆ ನಡೆಸುವ 'ಬಡ್ಸ್' ಸಂಸ್ಥೆಗಳು 2004ರಲ್ಲಿ ಆರಂಭವಾದವು. ಹದಿನೆಂಟರ ಒಳಗಿನವರಿಗೆ ಬಡ್ಸ್ ಶಾಲೆ, ಮೇಲಿನವರಿಗೆ ಬಡ್ಸ್ ಪುನರ್ವಸತಿ ಕೇಂದ್ರ. ಹಗಲಿನಲ್ಲಿ ಅಲ್ಲಿಗೆ ಹೋಗಿ ಕೈಕೆಲಸ ಕಲಿತು ಸಂಜೆ ಮನೆಗೆ ಬರಬಹುದು. ಮಗ ಹೊರಗೆ ಹೋದ ಆ ಕೆಲವು ಗಂಟೆ ತಾಯಿಗೂ ಉಸಿರು ಬಿಡಲು ಸಮಯ.

ಕರ್ನಾಟಕದಿಂದ ಬಂದ ಇನ್ನೊಂದು ಉದಾಹರಣೆ 'ಮಿಟ್ಟಿ ಕೆಫೆ'. 2017ರಲ್ಲಿ ಅಲೀನಾ ಆಲಂ ಎಂಬ ಯುವತಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ಇದನ್ನು ತೆರೆದರು. ಚಹಾ ಮಾಡುವವರು, ತಟ್ಟೆ ತಂದಿಡುವವರು ಎಲ್ಲರೂ ಒಂದಲ್ಲ ಒಂದು ಅಸಾಮರ್ಥ್ಯ ಇರುವವರು; ಬೌದ್ಧಿಕ ಅಸಾಮರ್ಥ್ಯದವರೂ ಇದ್ದಾರೆ. 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲೇ ಇವರ ಒಂದು ಕೆಫೆ ತೆರೆಯಿತು.

ಇದರ ಗುಟ್ಟು ಬಹಳ ಸರಳ. ಒಂದು ಕೆಲಸವನ್ನು ಹತ್ತು ಸಣ್ಣ ಹೆಜ್ಜೆಗಳಾಗಿ ಒಡೆಯುವುದು. ಮಾತಿನ ಬದಲು ಚಿತ್ರದಿಂದ ತೋರಿಸುವುದು. ಒಂದು ಹೆಜ್ಜೆ ಕೈಗೆ ಹತ್ತುವವರೆಗೆ ಪಕ್ಕದಲ್ಲಿ ಒಬ್ಬರು ನಿಲ್ಲುವುದು. ಆಮೇಲೆ ನಿಧಾನವಾಗಿ ಹಿಂದೆ ಸರಿಯುವುದು. ಮಲ್ಲಿಗೆ ಮೊಗ್ಗು ಕೊಯ್ಯುವುದು, ಅಡಿಕೆ ಹೆಕ್ಕುವುದು, ಕೋಳಿಗೆ ಕಾಳು ಹಾಕುವುದು, ಮೇಣದ ಬತ್ತಿ ಮಾಡುವುದು, ಬೇಕರಿಯಲ್ಲಿ ಪೊಟ್ಟಣ ಕಟ್ಟುವುದು ಇವೆಲ್ಲ ಹೀಗೆ ಕಲಿಸಬಹುದಾದ ಕೆಲಸಗಳು. ಒಂದೇ ಕೆಲಸವನ್ನು ಬೇಸರವಿಲ್ಲದೆ ನೇರ್ಪಾಗಿ ಮಾಡುವ ಗುಣ ಇವರಲ್ಲಿ ಎಷ್ಟೋ ಮಂದಿಗೆ ಇದೆ. ಆದರೆ ಸಂಬಳ ಮಾತ್ರ ಸಂಬಳವೇ ಆಗಿರಲಿ, ಭಿಕ್ಷೆಯಾಗದಿರಲಿ. ಅವರ ಹೆಸರಿನ ಖಾತೆಗೇ ಹೋಗಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರಕಾರಿ ಹುದ್ದೆಗಳಲ್ಲಿ ಶೇಕಡಾ 4 ಮೀಸಲಾತಿ ಇಟ್ಟಿದೆ. ಅದರಲ್ಲಿ ಶೇಕಡಾ 1 ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಮನೋರೋಗ, ಬಹುವಿಧ ಅಸಾಮರ್ಥ್ಯ ಮುಂತಾದವರಿಗೆ. ಹಳೆಯ ಕಾಯ್ದೆಯಲ್ಲಿ ಇವರ ಹೆಸರೇ ಈ ಪಟ್ಟಿಯಲ್ಲಿ ಇರಲಿಲ್ಲ.

ಕಾಗದಪತ್ರ ಇಂದೇ ಮಾಡಿರಿ

ಮುಂದೆ ಹೇಳುವ ವಿಷಯಗಳನ್ನು ದಯವಿಟ್ಟು ಕತ್ತರಿಸಿ ಇಟ್ಟುಕೊಳ್ಳಿ.

ಮೊದಲನೆಯದು, ಯುಡಿಐಡಿ ಕಾರ್ಡು. ವೈದ್ಯಕೀಯ ಮಂಡಳಿಯ ಪ್ರಮಾಣಪತ್ರದ ಆಧಾರದಲ್ಲಿ ಕೊಡುವ ಈ ಗುರುತುಚೀಟಿ ಭಾರತದಾದ್ಯಂತ ನಡೆಯುತ್ತದೆ. ಪಿಂಚಣಿ ಮೊದಲಾದ ಸವಲತ್ತುಗಳಿಗೆ ಇದೇ ಬಾಗಿಲು.

ಎರಡನೆಯದು, ನಿರಾಮಯ ಆರೋಗ್ಯ ವಿಮೆ. 1999ರ ಕಾಯ್ದೆಯಿಂದ ಹುಟ್ಟಿದ ನ್ಯಾಷನಲ್ ಟ್ರಸ್ಟ್ ಇದನ್ನು ನಡೆಸುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಸಾಮರ್ಥ್ಯ ಈ ನಾಲ್ಕರಲ್ಲಿ ಒಂದಿದ್ದವರಿಗೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ. ಸೇರುವಾಗ ವೈದ್ಯಕೀಯ ಪರೀಕ್ಷೆ ಇಲ್ಲ, ವಯಸ್ಸಿನ ಮಿತಿಯೂ ಇಲ್ಲ.

ಮೂರನೆಯದು, ಪಾಲಕತ್ವ. ಮಗನಿಗೆ 18 ತುಂಬಿದ ದಿನದಿಂದ ಕಾನೂನಿನ ಕಣ್ಣಿಗೆ ತಂದೆತಾಯಿ ಅವನ ಸಹಜ ಪಾಲಕರಲ್ಲ. ಬ್ಯಾಂಕಿನಲ್ಲೂ ರಿಜಿಸ್ಟ್ರಾರರ ಕಚೇರಿಯಲ್ಲೂ ತೊಡಕಾಗುವುದು ಇದರಿಂದಲೇ. ಜಿಲ್ಲಾ ಕಲೆಕ್ಟರರಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟು ಪಾಲಕತ್ವ ಪಡೆಯಬೇಕು. ಪಾಲಕರಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ದುರುಪಯೋಗ ಮಾಡಿದರೆ ಸಮಿತಿ ಅವರನ್ನು ತೆಗೆದುಹಾಕಬಹುದು. ಪಾಲಕರಿದ್ದಾರೆಂದು ಆ ವ್ಯಕ್ತಿಯ ಬಾಯಿ ಮುಚ್ಚಬಾರದು. ತಿನ್ನುವುದು, ಉಡುವುದು, ಯಾರ ಜೊತೆ ಇರುವುದು ಇಂಥ ವಿಷಯಗಳಲ್ಲಿ ಅವರನ್ನೇ ಕೇಳಬೇಕು.

ನಾಲ್ಕನೆಯದು, ವೀಲುನಾಮೆ. "ಅಣ್ಣ ನೋಡಿಕೊಳ್ಳುತ್ತಾನೆ" ಎಂಬ ಮಾತಿನ ಮೇಲೆ ಎಲ್ಲವನ್ನೂ ಬಿಟ್ಟುಹೋಗಬೇಡಿ. ಅಣ್ಣ ಒಳ್ಳೆಯವನೇ ಇರಬಹುದು. ಅವನಿಗೂ ಕಾಯಿಲೆ ಬರಬಹುದು, ವಿದೇಶಕ್ಕೆ ಹೋಗಬೇಕಾಗಬಹುದು. ಮಗನ ಪಾಲು ಎಷ್ಟು, ಅದನ್ನು ನೋಡಿಕೊಳ್ಳುವವರು ಯಾರು, ಅವರ ನಂತರ ಯಾರು ಎಂಬುದನ್ನು ವಕೀಲರ ಸಹಾಯದಿಂದ ಬರೆದಿಡಿ. ಸರಕಾರಿ ನೌಕರಿಯಲ್ಲಿದ್ದವರು ದುಡಿಯಲಾಗದ ಮಗ ಮಗಳಿಗೆ ಜೀವನಪರ್ಯಂತ ಕುಟುಂಬ ಪಿಂಚಣಿ ಸಿಗುವ ನಿಯಮವನ್ನು ವಿಚಾರಿಸಿ, ತಾವಿರುವಾಗಲೇ ಹೆಸರು ಸೇರಿಸಲಿ.

ಇನ್ನೊಂದು ಪುಸ್ತಕವೂ ಬೇಕು: ಒಂದು ಸಾಧಾರಣ ನೋಟ್‌ಬುಕ್. ಯಾವ ಮದ್ದು, ಯಾವ ಊಟ ಇಷ್ಟ, ಯಾವುದಕ್ಕೆ ಹೆದರುತ್ತಾನೆ, ಹೊಟ್ಟೆನೋವಾದರೆ ಹೇಗೆ ತಿಳಿಸುತ್ತಾನೆ, ಮಲಗುವ ಮುಂಚೆ ಯಾವ ಪ್ರಾರ್ಥನೆ ಬೇಕು ಎಂಬುದನ್ನೆಲ್ಲ ಬರೆದಿಡಿ. ಮೂವತ್ತು ವರ್ಷ ತಾಯಿಯೊಬ್ಬಳೇ ತಿಳಿದಿದ್ದನ್ನು ಮುಂದೆ ಬರುವವರು ಊಹಿಸಲಾರರು. ಡೌನ್ ಸಿಂಡ್ರೋಮ್ ಇರುವವರಿಗೆ ಥೈರಾಯಿಡ್ ತೊಂದರೆಯೂ, ಐವತ್ತರ ಸುಮಾರಿಗೆ ಮರೆವಿನ ಕಾಯಿಲೆಯೂ ಬರುವ ಸಂಭವ ಹೆಚ್ಚು ಎಂಬುದೂ ಅದರಲ್ಲಿರಲಿ.

ಅರ್ಜಿ ಮಲಯಾಳದಲ್ಲಿದೆಯೆಂದು ಹಿಂಜರಿಯಬೇಡಿ. ಕಾಸರಗೋಡಿನ ಕನ್ನಡಿಗರು ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಲು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಅವಕಾಶ ಕೊಟ್ಟಿದೆ.

ಧರ್ಮಕೇಂದ್ರ ಏನು ಮಾಡಬಹುದು?

ಪ್ರತಿಯೊಂದು ಧರ್ಮಕೇಂದ್ರಕ್ಕೂ ವಸತಿಗೃಹ ಕಟ್ಟಲು ಸಾಧ್ಯವಿಲ್ಲ. ಆದರೆ ಸಾಧ್ಯವಿರುವ ಕೆಲಸಗಳು ಬಹಳಷ್ಟಿವೆ.

ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ಇಂಥ ಎಷ್ಟು ಮಂದಿ ವಯಸ್ಕರಿದ್ದಾರೆ, ನೋಡಿಕೊಳ್ಳುವವರ ವಯಸ್ಸೆಷ್ಟು ಎಂದು ಪಟ್ಟಿ ಮಾಡಲಿ. ಎಪ್ಪತ್ತು ದಾಟಿದ ಒಂಟಿ ತಾಯಿಯಿರುವ ಮನೆ ಪಟ್ಟಿಯ ಮೊದಲಲ್ಲಿ ಬರಲಿ. ಯುವಜನರು ಅರ್ಜಿ ತುಂಬಿಸಿ ಕೊಡಲಿ. ವಿನ್ಸೆಂಟ್ ದೇ ಪಾವ್ಲ್ ಸಭೆಯವರು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಮಗನ ಜೊತೆ ಕೂತು, ತಾಯಿಯನ್ನು ಒಂದು ಮದುವೆಗೋ ತವರಿಗೋ ಕಳುಹಿಸಲಿ. ಅಂಗಡಿ, ಬೇಕರಿ, ತೋಟ ಇರುವವರು ಒಬ್ಬರಿಗೆ ದಿನಕ್ಕೆ ಎರಡು ಗಂಟೆಯ ಕೆಲಸ ಕೊಡಲಿ. ಜಾಗ ಇರುವ ಮೂರ್ನಾಲ್ಕು ಧರ್ಮಕೇಂದ್ರಗಳು ಸೇರಿ ಐದಾರು ಮಂದಿಯ ಒಂದು ಮನೆಯ ಬಗ್ಗೆ ಯೋಚಿಸಬಹುದು; ನ್ಯಾಷನಲ್ ಟ್ರಸ್ಟಿನ 'ಸಮರ್ಥ', 'ಘರೌಂದಾ' ಯೋಜನೆಗಳು ಇಂಥ ವಸತಿಗಾಗಿಯೇ ರೂಪುಗೊಂಡವು.

ದೇವಾಲಯದ ಒಳಗೂ ಒಂದಷ್ಟು ಬದಲಾವಣೆ ಬೇಕು. ಅಸಾಮರ್ಥ್ಯ ಇರುವವರಿಗೂ ಅವರ ಶಕ್ತಿಗೆ ತಕ್ಕಂತೆ ಧರ್ಮೋಪದೇಶ ಸಿಗುವಂತೆ ನೋಡಿಕೊಳ್ಳುವುದು ಧರ್ಮಕೇಂದ್ರದ ಗುರುಗಳ ಕರ್ತವ್ಯವೆಂದು ಧರ್ಮಸಭೆಯ ಕಾನೂನುಸಂಹಿತೆಯ 777ನೇ ವಿಧಿ ಹೇಳುತ್ತದೆ. ಪೂಜೆಯ ನಡುವೆ ಯಾರಾದರೂ ಜೋರಾಗಿ ಕೂಗಿದರೆ ತಿರುಗಿ ನೋಡದಿರುವುದೂ ಒಂದು ದಾನ. ಕಾಣಿಕೆ ತರುವ ಮೆರವಣಿಗೆಯಲ್ಲಿ, ಶಾಂತಿ ಕೋರುವಾಗ, ಹಬ್ಬದ ಊಟದಲ್ಲಿ ಅವರಿಗೊಂದು ಪಾಲಿರಲಿ. ಶರೀರದಲ್ಲಿ ದುರ್ಬಲವೆಂದು ಕಾಣುವ ಅಂಗಗಳೇ ಅತ್ಯಗತ್ಯ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ಇವರ ಬಗ್ಗೆಯೂ ಹೌದು.

ಔತಣ ಮಾಡುವಾಗ ಮರಳಿ ಕರೆಯಬಲ್ಲ ಶ್ರೀಮಂತರನ್ನು ಬಿಟ್ಟು, ಮರಳಿ ಕೊಡಲಾಗದವರನ್ನು ಕರೆಯಿರೆಂದು ಯೇಸುಸ್ವಾಮಿ ಹೇಳಿದರು. ನಮ್ಮ ಊರಿನಲ್ಲಿ ಅಂಥ ಅತಿಥಿಗಳು ಯಾರು, ಅವರ ಮನೆ ಎಲ್ಲಿ ಎಂಬುದು ನಮಗೆಲ್ಲ ಗೊತ್ತೇ ಇದೆ. ಬರುವ ವಾಳೆ ಸಭೆಯಲ್ಲಿ ಮೊದಲ ವಿಷಯವಾಗಿ ಆ ಪಟ್ಟಿಯನ್ನೇ ತೆಗೆದುಕೊಳ್ಳೋಣ.